ಐದನೇ ಚಮಚದ ಬಿಕ್ಕಳಿಕೆ

ಮಲ್ಲಿಕಾರ್ಜುನನಿಗೆ ಐದನೇ ಚಮಚಕ್ಕೆ ಬಿಕ್ಕಳಿಕೆ ಬರುತ್ತದೆ. ಪನೀರು ಸ್ವಲ್ಪ ಗಟ್ಟಿಯಿದ್ದರೆ ನಾಲ್ಕಕ್ಕೇ ಬಂದುಬಿಡುತ್ತದೆ. ಮೊಸರನ್ನವಾದರೆ, ಪಾಪ, ಏಳರವರೆಗೂ ಕಾಯುತ್ತದೆ. ಒಂದೇ ಒಂದು ಬಿಕ್ಕಳಿಕೆ. ಅದು ಬಂತೆಂದರೆ ಊಟ ಮುಗಿಯಿತು, ಚಮಚ ಕೆಳಗಿಡಬೇಕು. ಇಡದೆ ಹಟಕ್ಕೆ ಬಿದ್ದು ಇನ್ನೊಂದು ತುತ್ತು ಬಾಯಿಗಿಟ್ಟನೋ, ಎದೆಯ ನಡುವೆ ಕಲ್ಲು ಕೂತಂತಾಗಿ, ಬಾಯಲ್ಲಿ ನೀರೂರಿ, ತಿಂದದ್ದೆಲ್ಲ ಹೋದ ದಾರಿಯಲ್ಲೇ ವಾಪಸು ಬರುತ್ತದೆ.

ನಾಲ್ಕು ತಿಂಗಳ ಹಿಂದೆ ಗುರುಗ್ರಾಮದ ಒಂದು ಆಸ್ಪತ್ರೆಯಲ್ಲಿ, ತೂಕ ಇಳಿಸಲೆಂದು ಅವನ ಹೊಟ್ಟೆಯ ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆದಿದ್ದರು. ಈಗ ಉಳಿದಿರುವುದು ಬಾಳೆಹಣ್ಣಿನ ಗಾತ್ರದ ಒಂದು ಚೀಲ. ಅದಕ್ಕೆ ಹಸಿವು ಗೊತ್ತಿಲ್ಲ. ಗಡಿಯಾರ ನೋಡಿ ತಿನ್ನಬೇಕು. ಅಂಗೈಯಲ್ಲಿ ಹಿಡಿಸುವ ಬಟ್ಟಲಲ್ಲಿ ಬಡಿಸಿಕೊಂಡು, ಒಂದೊಂದು ತುತ್ತನ್ನೂ ಹಿಟ್ಟಾಗುವವರೆಗೆ ಅಗಿದು ಅರ್ಧ ಗಂಟೆ ಕೂರಬೇಕು. ಊಟದ ಜೊತೆ ನೀರು ಕುಡಿಯುವಂತಿಲ್ಲ.

ಆಸ್ಪತ್ರೆಯ ಪಥ್ಯದ ಮೇಡಂ ಮೊದಲೇ ನಗುತ್ತ ಎಚ್ಚರಿಸಿದ್ದಳು. "ಹಿಚ್ಕಿ ಆಯೀ ತೋ ಬಸ್, ಬಿಕ್ಕಳಿಕೆ ಬಂದರೆ ಸಾಕುಮಾಡಿ, ಮಲ್ಲಿಕಾರ್ಜುನ್‌ಜೀ. ಯಾರೋ ನೆನಪು ಮಾಡಿಕೊಂಡರು ಅಂದುಕೊಂಡು ಖುಷಿಪಡಬೇಡಿ. ನಿಮ್ಮ ಹೊಟ್ಟೆ ನಿಮ್ಮನ್ನು ಬೈತಿದೆ ಅಷ್ಟೇ." ಅಲ್ಲಿದ್ದ ನರ್ಸುಗಳೂ ನಕ್ಕರು. ಅವನೂ ನಕ್ಕ. ದಪ್ಪಗಿರುವವರಿಗೆ ತಮ್ಮ ಮೇಲಿನ ಜೋಕಿಗೆ ಎಲ್ಲರಿಗಿಂತ ಮೊದಲು ನಗುವುದು ರೂಢಿಯಾಗಿರುತ್ತದೆ.

ಆದರೆ ಚಿಕ್ಕಂದಿನಲ್ಲಿ ಕಲಿತದ್ದು ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಹಿರಿಯೂರಿನ ಮನೆಯಲ್ಲಿ ಅವನಿಗೆ ಬಿಕ್ಕಳಿಕೆ ಬಂದರೆ ಅಮ್ಮ ಕೆಲಸ ಬಿಟ್ಟು ಬಂದು ಎದುರು ಕೂರುತ್ತಿದ್ದಳು. "ಯಾರೋ ನೆನೆಸ್ಕೊಳ್ತಿದಾರೆ ನೋಡು. ಹೇಳು, ಯಾರಿರಬಹುದು?" ಅವನು ಒಂದೊಂದೇ ಹೆಸರು ಹೇಳಬೇಕು. ಸರಿಯಾದ ಹೆಸರು ಬಂದ ಕೂಡಲೇ ಬಿಕ್ಕಳಿಕೆ ನಿಲ್ಲುತ್ತದೆ. ಅಮ್ಮ ತೀರಿಕೊಂಡು ಮೂರು ವರ್ಷವಾಯಿತು. ಈಗಲೂ ಗುರುಗ್ರಾಮದ ಹತ್ತೊಂಬತ್ತನೇ ಮಹಡಿಯ ಫ್ಲಾಟಿನಲ್ಲಿ ಒಬ್ಬನೇ ಬಟ್ಟಲು ಹಿಡಿದು ಕೂತಾಗ ಬಿಕ್ಕಳಿಕೆ ಬಂದರೆ ಅವನ ಬಾಯಲ್ಲಿ ತಾನಾಗಿ ಒಂದು ಹೆಸರು ಬರುತ್ತದೆ. ಅಮ್ಮ ಎನ್ನುತ್ತಾನೆ, ಬಿಕ್ಕಳಿಕೆ ನಿಲ್ಲುತ್ತದೆ. ಇನ್ನೊಂದು ದಿನ ಆಫೀಸಿನ ಗೆಳೆಯನನ್ನು ನೆನೆದು ಕಿಶನ್ ಎನ್ನುತ್ತಾನೆ, ಆಗಲೂ ನಿಲ್ಲುತ್ತದೆ. ಕಾರಣ ಅವನಿಗೇನು ಗೊತ್ತಿಲ್ಲವೇ, ಚಮಚ ಕೆಳಗಿಟ್ಟಿರುತ್ತಾನೆ. ಶೈಲಜಕ್ಕನ ಹೆಸರನ್ನು ಮಾತ್ರ ಈ ನಾಲ್ಕು ತಿಂಗಳಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಆ ಹೆಸರಿನ ಜೊತೆ ಆಟವಾಡಲು ಅವನಿಗೆ ಧೈರ್ಯವಿರಲಿಲ್ಲ.

ಶೈಲಜಕ್ಕ ಅವನ ಸ್ವಂತ ಅಕ್ಕನಲ್ಲ. ಆರು ವರ್ಷದ ಹಿಂದೆ ಮೆಟ್ರೋದಲ್ಲಿ ಅವನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಎದುರಿನ ಸೀಟಿನಿಂದ "ಕನ್ನಡದೋರಾ?" ಎಂದು ಕೂಗಿದ ಹೆಂಗಸು. ಇಡೀ ಬೋಗಿ ತಿರುಗಿ ನೋಡಿತ್ತು. ಗಂಡ ಚಂದ್ರಶೇಖರ ಕಾಲೇಜೊಂದರಲ್ಲಿ ಮೇಷ್ಟ್ರು, ಮಗಳು ಧಾರಿಣಿ, ಮನೆ ಮೆಟ್ರೋದ ಇನ್ನೊಂದು ತುದಿಯ ಪೀತಮ್‌ಪುರದಲ್ಲಿ. ಇಷ್ಟನ್ನು ಎರಡು ಸ್ಟೇಷನ್ ದಾಟುವುದರೊಳಗೆ ಹೇಳಿ, ಮೂರನೆಯದರಲ್ಲಿ ಅವನನ್ನು ಭಾನುವಾರದ ಊಟಕ್ಕೆ ಕರೆದುಬಿಟ್ಟಿದ್ದಳು.

ಆ ಭಾನುವಾರದಿಂದ ಅದು ಅವನ ಮನೆಯಾಯಿತು. ಚಂದ್ರಶೇಖರ ಭಾವನಿಗೆ ಗ್ಯಾಸ್ಟ್ರಿಕ್ಕು, ಎರಡು ಚಪಾತಿಗೆ ಕೈ ತೊಳೆಯುವ ಜಾತಿ. ಧಾರಿಣಿಗೆ ನೂಡಲ್ಸ್ ಬಿಟ್ಟರೆ ಮಿಕ್ಕದ್ದೆಲ್ಲ "ಛೀ, ಮಮ್ಮಿ". ಇಂಥ ಮನೆಯಲ್ಲಿ ಕೈತುಂಬ ಅಡುಗೆ ಬಲ್ಲ ಹೆಂಗಸು ಏನು ಮಾಡಬೇಕು? ಅವಳಿಗೆ ಮಲ್ಲಿ ಸಿಕ್ಕಿದ. ಎಣಗಾಯಿ, ಹುಳಿ, ಬಿಸಿಬೇಳೆಬಾತು, ಬಡಿಸಿದ್ದನ್ನೆಲ್ಲ ಅವನು ಕಣ್ಣರಳಿಸಿ ತಿಂದ. ಅವನಿಗೆಂದೇ ಶೈಲಜಾ ಪೀತಮ್‌ಪುರದ ಮಾರ್ಕೆಟಿನಲ್ಲಿ ಅಂಚು ಎತ್ತರದ ಒಂದು ದೊಡ್ಡ ಸ್ಟೀಲ್ ತಟ್ಟೆ ತಂದಳು. ಆ ಮನೆಯಲ್ಲಿ ಅದಕ್ಕೆ ಮಲ್ಲಿ ತಟ್ಟೆ ಎಂದೇ ಹೆಸರು. "ನಿನಗೆ ಬಡಿಸೋದೇ ಒಂದು ಸುಖ ಕಣೋ" ಎನ್ನುತ್ತಿದ್ದಳು. ಆ ಮಾತು ಕೇಳಲಿಕ್ಕೆಂದೇ ಅವನು ಹೊಟ್ಟೆ ತುಂಬಿದ ಮೇಲೂ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿದ್ದ.

ಆಫೀಸಿನಲ್ಲೂ ಅಷ್ಟೇ. ಮಧ್ಯಾಹ್ನ ಕಿಶನ್ ತನ್ನ ಡಬ್ಬಿಯ ಕೊನೆಯ ಪರಾಠವನ್ನು ಅವನ ಕಡೆ ತಳ್ಳಿ "ಯಾರ್, ತೂ ಖತಂ ಕರ್ ದೇ" ಎಂದು ಮುಗಿಸಲು ಹೇಳುತ್ತಿದ್ದ. ಉಳಿದವರೂ ತಳ್ಳುತ್ತಿದ್ದರು. ಈಗ ಯಾರೂ ತಳ್ಳುವುದಿಲ್ಲ. ಅವರೆಲ್ಲ ಹತ್ತು ನಿಮಿಷದಲ್ಲಿ ಮುಗಿಸಿ, ಚಹಾಕ್ಕೆ ಎದ್ದು ಹೋಗುತ್ತಾರೆ. ಮಲ್ಲಿಕಾರ್ಜುನ ಖಾಲಿ ಮೇಜಿನಲ್ಲಿ ಮೂರನೇ ಚಮಚ ಅಗಿಯುತ್ತ ಕೂತಿರುತ್ತಾನೆ.

ಆಪರೇಷನ್ ಮಾಡಿಸಿಕೊಂಡದ್ದು ಚೆಂದ ಕಾಣಲಿಕ್ಕಲ್ಲ. ನಿದ್ದೆಯಲ್ಲಿ ಅವನ ಉಸಿರು ನಿಲ್ಲುತ್ತಿತ್ತು. "ಉಸಿರು ನಿಲ್ಲೋದನ್ನ ನಿಮ್ಮ ಮನೆಯವರು ಯಾರಾದರೂ ನೋಡಿದ್ದಾರಾ?" ಎಂದು ಡಾಕ್ಟರು ಕೇಳಿದ್ದರು. "ಇಲ್ಲ, ಪಕ್ಕದ ಫ್ಲಾಟಿನವರು ಗೊರಕೆಗೆ ಗೋಡೆ ಗುದ್ದುತ್ತಾರೆ. ಗುದ್ದುವುದು ನಿಂತಾಗ ನನ್ನ ಉಸಿರು ನಿಂತಿರಬೇಕು" ಎಂದಿದ್ದ. ಡಾಕ್ಟರು ನಕ್ಕರು, ಅವನೂ ನಕ್ಕ. ಮನೆಗೆ ಬಂದ ಮೇಲೆ ನಗು ಬರಲಿಲ್ಲ. ಒಂದು ದಿನ ಉಸಿರು ನಿಂತೇ ಹೋದರೆ ಅದು ಮೊದಲು ಗೊತ್ತಾಗುವುದು ಕೆಲಸದವಳಿಗೆ, ಅವಳೂ ಎರಡು ಸಲ ಬೆಲ್ ಒತ್ತಿ, ತೆಗೆಯದಿದ್ದರೆ ಮುಂದಿನ ಮನೆಗೆ ಹೋಗುವವಳು. ಆ ಯೋಚನೆ ಬಂದ ದಿನವೇ ಅವನು ಆಪರೇಷನ್ನಿಗೆ ಒಪ್ಪಿಕೊಂಡುಬಿಟ್ಟ.

ಶೈಲಜಕ್ಕನಿಗೆ ಮಾತ್ರ ಬಾಯಿ ಬಿಡಲಿಲ್ಲ. ಹೇಳೋಣವೆಂದು ಫೋನು ಕೈಗೆತ್ತಿಕೊಂಡಾಗಲೆಲ್ಲ ಆ ದೊಡ್ಡ ತಟ್ಟೆ ಕಣ್ಣಮುಂದೆ ಬರುತ್ತಿತ್ತು. ತಿನ್ನಲಾಗದ ಮಲ್ಲಿಗೆ ಆ ಮನೆಯಲ್ಲಿ ಏನು ಕೆಲಸ? ಅವನು ಅವರಿಗೆ ನೆಂಟನಲ್ಲ, ಜಾತಿಯವನಲ್ಲ, ಒಂದೇ ಊರಿನವನೂ ಅಲ್ಲ. ತಿನ್ನುತ್ತಿದ್ದ, ಅದಕ್ಕೆ ಕರೆಯುತ್ತಿದ್ದರು. ಹೀಗೆಂದು ಅವನು ಗಟ್ಟಿಯಾಗಿ ನಂಬಿದ್ದ. ಆದ್ದರಿಂದ ಒಂದು ಭಾನುವಾರ ಆಫೀಸಿನ ಕೆಲಸ, ಮತ್ತೊಂದು ಭಾನುವಾರ ಜ್ವರ, ಆಮೇಲೆ ಬೆಂಗಳೂರಿಗೆ ಹೋಗಿದ್ದೇನೆ ಎಂಬ ಹಸಿ ಸುಳ್ಳು. ಅವಳು ಫೋನಿನಲ್ಲಿ "ಊಟ ಆಯ್ತಾ?" ಎಂದರೆ ಇವನು "ಆಯ್ತು ಅಕ್ಕ" ಎನ್ನುವುದು. ಅದೊಂದು ನಿಜವಾಗಿರುತ್ತಿತ್ತು.

ಹೋದ ವಾರ ಶೈಲಜಾ ರೇಗಿದಳು. "ಭಾನುವಾರ ಧಾರಿಣಿ ಹುಟ್ಟುಹಬ್ಬ. ಈ ಸಲವೂ ಬರದಿದ್ರೆ ಇನ್ಮೇಲೆ ಬರೋದೇ ಬೇಡ. ನಿನ್ನ ತಟ್ಟೇನ ಗುಜರಿ ಕಬಾಡಿಯವನಿಗೆ ಕೊಟ್ಟುಬಿಡ್ತೀನಿ, ಹೇಳಿದೀನಿ."

ಹಾಗಾಗಿ ಹೋದ. ಸಡಿಲವಾದ ಹಳೆಯ ಅಂಗಿಯನ್ನೇ ಹಾಕಿಕೊಂಡು, ಧಾರಿಣಿಗೊಂದು ಬಣ್ಣದ ಡಬ್ಬಿ ಹಿಡಿದು, ಎರಡು ಕಡೆ ಮೆಟ್ರೋ ಬದಲಿಸಿ, ಮೂರು ಮಹಡಿ ಮೆಟ್ಟಿಲು ಏದುಸಿರಿಲ್ಲದೆ ಹತ್ತಿದ. ಬಾಗಿಲು ತೆಗೆದ ಶೈಲಜಾ ಅವನ ಹಿಂದೆ ಇನ್ಯಾರೋ ನಿಂತಿರಬಹುದೆಂಬಂತೆ ಇಣುಕಿ ನೋಡಿದಳು.

"ಏನೋ ಇದು? ಅರ್ಧಕ್ಕರ್ಧ ಕರಗಿಹೋಗಿದೀಯ! ಶುಗರ್ರಾ? ಏನಾಗಿದೆ ಹೇಳು."

"ಏನಿಲ್ಲ ಅಕ್ಕ. ಸ್ವಲ್ಪ ವಾಕಿಂಗು, ಡಯಟ್ಟು."

"ಅಚ್ಛಾ, ಡಯಟ್ಟು" ಎಂದು ಚಂದ್ರಶೇಖರ ಭಾವ ಕನ್ನಡಕದ ಮೇಲಿಂದ ನೋಡಿದರು. "ನಾನು ಇಪ್ಪತ್ತು ವರ್ಷದಿಂದ ಮಾಡ್ತಿದೀನಿ, ನನ್ನ ಹೊಟ್ಟೆ ಹೀಗೇ ಇದೆ."

ಎಲ್ಲರೂ ಕೂತರು. ಮಲ್ಲಿ ತಟ್ಟೆ ಬಂತು. ನಾಲ್ಕು ತಿಂಗಳ ಬಾಕಿಯನ್ನು ಶೈಲಜಾ ಒಂದೇ ಸಲಕ್ಕೆ ಬಡಿಸಿದಳು. ಚಿತ್ರಾನ್ನ, ಕೋಸಂಬರಿ, ಎಣಗಾಯಿ, ಬಿಸಿಬೇಳೆಬಾತಿನ ಗುಡ್ಡ, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಎರಡು ಹೋಳಿಗೆ. ಅವನು "ಸಾಕು ಅಕ್ಕ" ಎಂದ. ನಮ್ಮಲ್ಲಿ ಮೊದಲ ಸಾಕು ಎನ್ನುವುದು ಮರ್ಯಾದೆಗೆ, ಬಡಿಸುವವರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನೊಂದು ಸೌಟು ಬಿತ್ತು.

ಅವನು ನಿಧಾನವಾಗಿ ತಿಂದ. ರುಚಿ ನಾಲಗೆಯ ಮೇಲೆ ಹಾಗೇ ಇತ್ತು. ಅದೇ ಕಷ್ಟ, ಡಾಕ್ಟರು ನಾಲಗೆಯನ್ನು ಕತ್ತರಿಸಿರಲಿಲ್ಲ. ಮೂರು ತುತ್ತಿಗೆ ಅವನ ಕಣ್ಣು ತುಂಬಿತು, ಖಾರ ಎಂದು ಒರೆಸಿಕೊಂಡ. ಐದನೆಯದನ್ನು ನುಂಗಿದ್ದೇ ತಡ, ಬಿಕ್ಕಳಿಕೆ ಬಂತು.

"ಅಂಕಲ್!" ಧಾರಿಣಿ ಕುಣಿದಳು. "ಕೋಯಿ ಯಾದ್ ಕರ್ ರಹಾ ಹೈ! ಯಾರೋ ನೆನೆಸ್ಕೊಳ್ತಿದಾರೆ! ಯಾರು ಹೇಳಿ, ಯಾರು ಹೇಳಿ!"

ಮಲ್ಲಿಕಾರ್ಜುನ ನಕ್ಕು ತಟ್ಟೆ ನೋಡಿದ. ಶೈಲಜಾ ಸೌಟು ಹಿಡಿದು ಅವನನ್ನೇ ನೋಡುತ್ತಿದ್ದಳು. ಅಲ್ಲಿಗೇ ಕೈಬಿಟ್ಟರೆ ಅವಳ ಮುಖ ಸಪ್ಪಗಾಗುತ್ತದೆ ಎಂದು ಆರನೆಯ ತುತ್ತು ಇಟ್ಟುಕೊಂಡ. ಬಿಕ್ಕಳಿಕೆ ಎರಡಾಯಿತು, ಮೂರಾಯಿತು. ಎದೆಯಲ್ಲಿ ಕಲ್ಲು ಕೂರತೊಡಗಿತು. ಅಷ್ಟರಲ್ಲಿ ಶೈಲಜಾಳ ಮುಖದಲ್ಲಿ ಏನೋ ಹೊಳೆಯಿತು. ಸೌಟನ್ನು ಪಾತ್ರೆಗೆ ಹಾಕಿ ಗಂಡನ ಕಡೆ ತಿರುಗಿದಳು.

"ರೀ, ಗೊತ್ತಾಯ್ತು ಬಿಡಿ! ಭಾನುವಾರ ಕೈಗೆ ಸಿಗಲ್ಲ, ಸಣ್ಣಗಾಗಿದಾನೆ, ಕೂತಲ್ಲಿ ಬಿಕ್ಕಳಿಕೆ. ಹುಡುಗಿ ಕಣ್ರೀ! ಯಾರೋ ಅದು? ಹೆಸರು ಹೇಳು, ನಿಲ್ಲುತ್ತೆ."

ಅವನು ಅಲ್ಲವೆಂದು ತಲೆಯಾಡಿಸಿದ. ತಲೆಯಾಡಿಸಿದಷ್ಟೂ ಅವರ ಉತ್ಸಾಹ ಹೆಚ್ಚಿತು. ಮೂವರೂ ತಮ್ಮ ತಮ್ಮ ಊಟ ಬಿಟ್ಟು ಅವನ ಬಾಯನ್ನೇ ನೋಡುತ್ತಿದ್ದರು. ಎಷ್ಟೋ ದಿನದ ಮೇಲೆ ಮೂರು ಜನ ಒಟ್ಟಿಗೆ ಅವನನ್ನು ನೋಡುತ್ತಿದ್ದರು, ಅದೂ ಅಷ್ಟು ಪ್ರೀತಿಯಿಂದ. ಬಿಕ್ಕಳಿಕೆ ನಿಲ್ಲದೆ ಅವನಿಗೆ ಉಸಿರು ಕಟ್ಟಿತು. ಬಾಯಿಗೆ ಬಂದ ಹೆಸರು ಹೇಳಿಬಿಟ್ಟ.

"ಲಾವಣ್ಯಾ."

ಹೇಳಿ, ಕೈಯನ್ನು ತಟ್ಟೆಯಿಂದ ತೆಗೆದ. ಸ್ವಲ್ಪ ಹೊತ್ತಿಗೆ ಬಿಕ್ಕಳಿಕೆ ನಿಂತಿತು. ಧಾರಿಣಿ ಚಪ್ಪಾಳೆ ತಟ್ಟಿದಳು. ಭಾವ ಎದ್ದು ಬಂದು ಎಡಗೈಯಲ್ಲಿ ಅವನ ಬೆನ್ನು ತಟ್ಟಿದರು. ಶೈಲಜಾ ಸೆರಗಿನಿಂದ ಕಣ್ಣೊತ್ತಿಕೊಂಡು "ನಿಮ್ಮಮ್ಮ ಇರಬೇಕಿತ್ತು" ಎಂದಳು.

ಲಾವಣ್ಯಾ ಯಾರು? ಆಸ್ಪತ್ರೆಯಿಂದ ದಿನಕ್ಕೆ ಮೂರು ಸಲ ಅವನ ಫೋನಿಗೆ ಮೆಸೇಜು ಬರುತ್ತದೆ. ಊಟ ಆಯಿತೇ, ಎಷ್ಟು ಚಮಚ, ವಾಂತಿ ಇದೆಯೇ, ಹೌದಾದರೆ ಒಂದು ಒತ್ತಿ, ಇಲ್ಲವಾದರೆ ಎರಡು ಒತ್ತಿ. ಕೆಳಗೆ "ನಿಮ್ಮ ಲಾವಣ್ಯಾ" ಎಂದಿರುತ್ತದೆ. ಅವಳು ಹೆಂಗಸೋ ಕಂಪ್ಯೂಟರೋ ಅವನಿಗೆ ಗೊತ್ತಿಲ್ಲ. ಅವನು ಉಂಡನೋ ಇಲ್ಲವೋ ಎಂದು ದಿನವೂ ಮೂರು ಹೊತ್ತು ತಪ್ಪದೆ ವಿಚಾರಿಸುವ ಹೆಸರು ಅದೊಂದೇ ಆಗಿತ್ತು, ಅದಕ್ಕೇ ಬಾಯಿಗೆ ಬಂತು.

ಆಮೇಲೆ ಊಟದ ಕಡೆ ಯಾರ ಗಮನವೂ ಇರಲಿಲ್ಲ. ಯಾವ ಊರು, ಏನು ಕೆಲಸ, ನೋಡಲು ಹೇಗೆ? ಅವನು ಒಂದು ಸುಳ್ಳಿಗೆ ಇನ್ನೊಂದನ್ನು ಪೋಣಿಸುತ್ತ, ಬಿಸಿಬೇಳೆಬಾತನ್ನು ತಟ್ಟೆಯ ಅಂಚಿಗೆ ಸವರಿ, ಅದರ ಮೇಲೆ ಹೋಳಿಗೆ ಮುಚ್ಚಿದ. ಯಾರೂ ಏಳುವ ಮೊದಲೇ ತಾನೇ ತಟ್ಟೆ ಎತ್ತಿಕೊಂಡು ಹೋಗಿ ಸಿಂಕಿನಲ್ಲಿ ಬೇರೆ ಪಾತ್ರೆಗಳ ಅಡಿಗೆ ತಳ್ಳಿದ. ಹೊರಡುವಾಗ ಶೈಲಜಾ ದೊಡ್ಡ ಡಬ್ಬಿಯೊಂದನ್ನು ಕೈಗಿತ್ತಳು. "ಇಬ್ಬರಿಗೂ ಆಗೋಷ್ಟಿದೆ. ಬಿಸಿ ಮಾಡ್ಕೊಂಡು ತಿನ್ನಿ. ಮುಂದಿನ ಭಾನುವಾರ ಅವಳನ್ನ ಕರ್ಕೊಂಡೇ ಬರ್ಬೇಕು, ಒಬ್ಬನೇ ಬಂದ್ರೆ ಒಳಗೆ ಬಿಡಲ್ಲ."

ಮೆಟ್ರೋದಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಅವನಿಗೆ ತಾನು ಮಾಡಿದ ಘನಕಾರ್ಯ ಸರಿಯಾಗಿ ಅರ್ಥವಾಯಿತು. ಆ ಮನೆಗೆ ಹೋಗಲು ಇದ್ದದ್ದು ಒಂದೇ ಬಾಗಿಲು. ಅದನ್ನು ತಾನೇ ಮುಚ್ಚಿಕೊಂಡಿದ್ದ. ಇನ್ನು ಒಬ್ಬನೇ ಹೋಗುವಂತಿಲ್ಲ, ಜೊತೆಗೆ ಕರೆದೊಯ್ಯಲು ಯಾರೂ ಇಲ್ಲ. ಬೋಗಿಯ ತುಂಬ ಭಾನುವಾರದ ಸಂಸಾರಗಳು. ಅವನ ಪಕ್ಕದಲ್ಲಿ, ಮೊದಲು ಅವನೇ ತುಂಬಿಕೊಳ್ಳುತ್ತಿದ್ದ ಸೀಟಿನಲ್ಲಿ, ಈಗ ಇನ್ನೊಬ್ಬರು ಆರಾಮಾಗಿ ಕೂರುವಷ್ಟು ಜಾಗವಿತ್ತು. ಯಾರೋ ಬಂದು ಬ್ಯಾಗು ಇಟ್ಟರು.

ಸಂಜೆ ದೀಪ ಹಾಕುವ ಹೊತ್ತಿಗೆ ಫೋನು ಬಂತು. ಶೈಲಜಕ್ಕ. ದನಿ ಎಂದಿನಂತಿರಲಿಲ್ಲ.

"ಊಟ ಆಯ್ತಾ?"

"ಇಲ್ಲ ಅಕ್ಕ, ಈಗ ಮಾಡ್ಬೇಕು."

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಅವಳ ಅಡುಗೆ ಅಷ್ಟು ಚೆನ್ನಾಗಿರುತ್ತಾ?"

"ಯಾರ ಅಡುಗೆ?"

"ಪಾತ್ರೆ ತೊಳೆಯೋಕೆ ಹೋದೆ ಕಣೋ. ನಿನ್ನ ತಟ್ಟೇಲಿ ಎಲ್ಲ ಹಾಗ್ಹಾಗೇ ಇದೆ. ಆರು ವರ್ಷದಲ್ಲಿ ಒಂದಗುಳು ಬಿಟ್ಟವನಲ್ಲ ನೀನು. ಹೋಳಿಗೆ ಕೆಳಗೆ ಮುಚ್ಚಿಟ್ಟಿದೀಯ. ನನ್ನ ಅಡುಗೆ ಸೇರದೆ ಹೋಯ್ತು ಅಂತ ಬಾಯ್ಬಿಟ್ಟು ಹೇಳಬಹುದಿತ್ತು. ಕದ್ದು ಸಿಂಕಿಗೆ ಹಾಕೋ ಅಷ್ಟು ಹೊರಗಿನೋಳಾದ್ನಾ ನಾನು?"

ಹೌದು, ಲಾವಣ್ಯಾಳ ಅಡುಗೆಯೇ ಚೆನ್ನ ಎಂದುಬಿಟ್ಟರೆ ಮುಗಿಯುತ್ತಿತ್ತು. ಶೈಲಜಾ ಎರಡು ದಿನ ಸಂಕಟಪಟ್ಟು, ಆಮೇಲೆ ಸರಿಹೋಗುತ್ತಿದ್ದಳು. ಲಾವಣ್ಯಾಳನ್ನು ತಿಂಗಳೊಪ್ಪತ್ತಿನಲ್ಲಿ ಹೇಗೋ ಬೇರೆ ಊರಿಗೆ ಸಾಗಹಾಕಬಹುದಿತ್ತು. ಅವನು ಸುಳ್ಳಿಗೆ ಬಾಯಿ ತೆರೆದ. ಆಚೆ ಕಡೆ ಅವಳು ಮೂಗೆಳೆದುಕೊಂಡ ಸದ್ದು ಕೇಳಿತು. ಅವಳ ಅಡುಗೆಯ ಮೇಲೆ ಸುಳ್ಳು ಹೇಳಲು ಅವನಿಂದಾಗಲಿಲ್ಲ.

"ಅಕ್ಕ, ಲಾವಣ್ಯಾ ಅನ್ನೋರು ಯಾರೂ ಇಲ್ಲ. ನಾನು ಆಪರೇಷನ್ ಮಾಡಿಸ್ಕೊಂಡೆ. ಹೊಟ್ಟೆ ಕತ್ತರಿಸಿ ಚಿಕ್ಕದು ಮಾಡಿದಾರೆ. ಐದು ಚಮಚಕ್ಕೆ ತುಂಬಿಹೋಗುತ್ತೆ. ತುಂಬಿದ್ರೆ ಬಿಕ್ಕಳಿಕೆ ಬರುತ್ತೆ. ಅಷ್ಟೇ ಅಕ್ಕ ಅದು. ಯಾರೂ ನೆನೆಸ್ಕೊಂಡಿದ್ದಲ್ಲ."

ಫೋನು ಕಟ್ಟಾಯಿತೇನೋ ಎಂದು ಅವನು ಕಿವಿಯಿಂದ ತೆಗೆದು ನೋಡಿದ.

"ಯಾವಾಗ?"

"ನಾಲ್ಕು ತಿಂಗಳಾಯ್ತು."

"ಆಸ್ಪತ್ರೇಲಿ ಜೊತೆಗೆ ಯಾರಿದ್ರು?"

"ಆಫೀಸಿನ ಕಿಶನ್ ಬಂದಿದ್ದ. ಸೈನ್ ಹಾಕಿ ಹೋದ."

"ಎಚ್ಚರ ಆದಾಗ?"

"ನರ್ಸ್ ಇದ್ರು."

"ನಾನು ಪೀತಮ್‌ಪುರದಲ್ಲಿದ್ದೆ ಕಣೋ" ಎಂದಳು ಶೈಲಜಾ. "ಸಮುದ್ರದಾಚೆ ಇರ್ಲಿಲ್ಲ. ಮೆಟ್ರೋ ಹತ್ತಿದ್ರೆ ಬರ್ತಿದ್ದೆ."

"ತಿನ್ನೋಕಾಗದೋನು ನಿಮ್ಮನೆಗೆ ಬಂದು ಏನು ಮಾಡ್ಲಿ ಅಂತ..."

"ಏನು ಮಾಡ್ಲಿ ಅಂದ್ರೆ? ಕೂತ್ಕೋ! ನಿಮ್ಮ ಭಾವ ಕೂತಿರಲ್ವಾ ಸುಮ್ನೆ? ಅವರನ್ನೇನು ಮನೆಯಿಂದ ಓಡಿಸಿದೀನಾ?"

ಅವನಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಕಣ್ಣೊರೆಸಿಕೊಂಡ, ಈ ಸಲ ಖಾರದ ನೆಪ ಬೇಕಿರಲಿಲ್ಲ, ನೋಡುವವರು ಯಾರೂ ಇರಲಿಲ್ಲ. "ತಪ್ಪಾಯ್ತು ಅಕ್ಕ. ಹೊಟ್ಟೆಗೆ ಹಾಕ್ಕೊಳ್ಳಿ."

"ಹಾಕ್ಕೊಳ್ತೀನಿ. ನನ್ನ ಹೊಟ್ಟೆ ಯಾರೂ ಕತ್ತರಿಸಿಲ್ಲ." ಆಮೇಲೆ ಕೇಳಿದಳು, "ಈಗ ಊಟ ಮಾಡ್ತೀನಿ ಅಂದ್ಯಲ್ಲ, ಬಡಿಸ್ಕೊಂಡ್ಯಾ?"

"ಇಲ್ಲ."

"ಬಡಿಸ್ಕೋ. ಎಷ್ಟು ಹಿಡಿಸುತ್ತೋ ಅಷ್ಟೇ. ಫೋನು ಇಡಬೇಡ, ಸ್ಪೀಕರ್ ಹಾಕು. ತಿನ್ನು, ನಾನಿರ್ತೀನಿ."

ಅವನು ಡಬ್ಬಿ ತೆರೆದು ತನ್ನ ಚಿಕ್ಕ ಬಟ್ಟಲಿಗೆ ಬಿಸಿಬೇಳೆಬಾತು ಹಾಕಿಕೊಂಡು ಬಿಸಿ ಮಾಡಿದ. ಫೋನನ್ನು ಎದುರಿಗೆ ಡಬ್ಬಿಗೆ ಒರಗಿಸಿಟ್ಟು ಕೂತ. ಅತ್ತ ಕಡೆಯಿಂದ ನಲ್ಲಿ ನೀರಿನ ಸದ್ದು, ಪಾತ್ರೆಗಳ ಸದ್ದು. ಆ ದೊಡ್ಡ ತಟ್ಟೆಯನ್ನೇ ಉಜ್ಜುತ್ತಿದ್ದಳೋ ಏನೋ. ಧಾರಿಣಿ ಬಂದು "ಮಮ್ಮಿ, ಕಿಸ್‌ಸೇ ಬಾತ್ ಕರ್ ರಹೀ ಹೋ?" ಎಂದಳು. "ಮಾತಾಡ್ತಿಲ್ಲ, ಮಲ್ಲಿ ಅಂಕಲ್ ಊಟ ಮಾಡ್ತಿದಾರೆ" ಎಂದಳು ಶೈಲಜಾ. ಅವನು ಅಗಿದ. ತುತ್ತು ತುತ್ತಿನ ನಡುವೆ ಚಮಚ ಹಿಡಿದು ಕಾದ. ಆ ಕಡೆ ಕುಕ್ಕರ್ ಕೂಗಿತು, ಯಾರೋ ಫ್ಯಾನ್ ಆರಿಸಿದರು, ಭಾವ ಕೆಮ್ಮಿದರು. ಅವಳು ಒಮ್ಮೆಯೂ ಬೇಗ ತಿನ್ನು ಎನ್ನಲಿಲ್ಲ, ಇನ್ನಷ್ಟು ಹಾಕಿಕೋ ಎನ್ನಲಿಲ್ಲ.

ಐದನೆಯದನ್ನು ನುಂಗಿದ. ಬಿಕ್ಕಳಿಕೆ ಬಂತು.

ನಲ್ಲಿಯ ಸದ್ದು ನಿಂತಿತು.

"ನಾನೇ ಕಣೋ" ಎಂದಳು ಶೈಲಜಾ.

ಮಲ್ಲಿಕಾರ್ಜುನ ಚಮಚ ಕೆಳಗಿಟ್ಟ.